ಮಾಲ್ಟಾ ಇಷ್ಟು ಚಿಕ್ಕ ದೇಶ, ಮಾಲ್ಟಾ, ಗೋಜೋ, ಕೊಮಿನೋ ಮೂರೂ ದ್ವೀಪ ನೋಡೋಕೆ ಎರಡು ದಿನ ಸಾಕಲ್ವಾ? ಗೋಜೋದ ಕಲ್ಲಿನ ಕಮಾನನ್ನೂ ನೋಡಬೇಕು. ನಾನು ಸಸ್ಯಾಹಾರಿ, ಊಟಕ್ಕೇನು ಸಿಗುತ್ತೆ?

ಸಾಕಾಗಲ್ಲ. ನಿಮ್ಮ ಹಾಗೇ ಮ್ಯಾಪ್ ನೋಡಿ, "316 ಚದರ ಕಿಲೋಮೀಟರ್, ಬೆಂಗಳೂರಿನ ಅರ್ಧವೂ ಇಲ್ಲ" ಅಂದುಕೊಂಡು ಹೊರಟವನು ನಾನು. ಆಗ ಜರ್ಮನಿಯಲ್ಲಿ ಓದುತ್ತಿದ್ದೆ. ವಾಪಸ್ ವಿಮಾನ ತಪ್ಪಿತು. ಹೊಸ ಟಿಕೆಟ್‌ಗೆ ಕೊಟ್ಟ ದುಡ್ಡಲ್ಲಿ ಇನ್ನೊಂದು ಸಲ ಮಾಲ್ಟಾ ನೋಡಿ ಬರಬಹುದಿತ್ತು.

ವಿಮಾನ ಇದ್ದದ್ದು ಆಗಸ್ಟ್ ತಿಂಗಳ ಒಂದು ಭಾನುವಾರ ರಾತ್ರಿ. ಹಗಲು ಪೂರ್ತಿ ಖಾಲಿ ಇದೆಯಲ್ಲ ಅಂತ ಗೋಜೋ ದ್ವೀಪಕ್ಕೆ ಹೋದೆ. ಅಲ್ಲಿನ ಜಿಗಾಂತಿಯಾ ದೇವಾಲಯ ಕ್ರಿ.ಪೂ. 3600ರ ಸುಮಾರಿನದು, ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೆಯದು. ಆಳೆತ್ತರ ಮೀರಿದ ಕಲ್ಲುಗಳನ್ನು ಆ ಕಾಲದಲ್ಲಿ ಹೇಗೆ ನಿಲ್ಲಿಸಿದರೋ ಅಂತ ನೋಡುತ್ತಾ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. (ಅಂದಹಾಗೆ, ನೀವು ಹೇಳಿರುವ ಕಲ್ಲಿನ ಕಮಾನು, ಅಜ್ಯೂರ್ ವಿಂಡೋ, ಈಗಿಲ್ಲ. 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಮುದ್ರಕ್ಕೆ ಕುಸಿಯಿತು. ಫೋಟೋಗಳು ಮಾತ್ರ ಇನ್ನೂ ಓಡಾಡುತ್ತಿವೆ.)

ಈಗ ನನ್ನ ಲೆಕ್ಕ ಕೇಳಿ. ಫೆರಿ 25 ನಿಮಿಷ. ಆಚೆ ದಡ ಮಾಲ್ಟಾ ದ್ವೀಪದ ಚಿರ್ಕೆವ್ವಾ ಬಂದರು. ಆ ದ್ವೀಪದ ಉದ್ದವೇ 27 ಕಿಲೋಮೀಟರ್, ಅಂದಮೇಲೆ ಏರ್‌ಪೋರ್ಟ್‌ಗೆ ಜಾಸ್ತಿ ಅಂದ್ರೆ ಮುಕ್ಕಾಲು ಗಂಟೆ. ಹೀಗೆ ನಾನು ಲೆಕ್ಕ ಹಾಕಿದ್ದು ಬರೀ ಓಡುವ ಹೊತ್ತನ್ನು. ಕಾಯುವ ಹೊತ್ತನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಗೋಜೋದಲ್ಲಿ ಬಸ್ಸುಗಳೆಲ್ಲ ವಿಕ್ಟೋರಿಯಾ ಊರಿಗೆ ಬಂದು ಸೇರುತ್ತವೆ, ಅಲ್ಲಿ ಒಮ್ಮೆ ಕಾಯಬೇಕು. ಬಂದರಿನಲ್ಲಿ ಟಿಕೆಟ್‌ಗೆ ಕ್ಯೂ. ಗೋಜೋಗೆ ಹೋಗುವಾಗ ಫೆರಿ ಟಿಕೆಟ್ ಕೇಳಲ್ಲ, ವಾಪಸ್ ಬರುವಾಗ ಮಾತ್ರ ತಗೋಬೇಕು. ಬೆಳಿಗ್ಗೆ ಸೀದಾ ಹತ್ತಿದ್ದರಿಂದ ಸಂಜೆಯೂ ಹಾಗೇ ಅಂದುಕೊಂಡಿದ್ದೆ. ಜೊತೆಗೆ ಅದು ಭಾನುವಾರ ಸಂಜೆ. ವಾರಾಂತ್ಯಕ್ಕೆ ಗೋಜೋಗೆ ಹೋದ ಮಾಲ್ಟಾದವರೆಲ್ಲ ಮನೆಗೆ ಹೊರಡುವ ಹೊತ್ತು!

ಚಿರ್ಕೆವ್ವಾದಲ್ಲಿ ನನ್ನ ಮುಂದೆ ಇನ್ನೂ ಏಳೆಂಟು ಜನ ಇರುವಾಗಲೇ ಬಸ್ ಡ್ರೈವರ್ ಬಾಗಿಲು ಹಾಕಿಕೊಂಡ. ಮುಂದಿನ ಬಸ್ಸಿನಲ್ಲಿ ಒದ್ದೆ ಟವೆಲ್ ಹೊದ್ದ ಹುಡುಗರ ನಡುವೆ ಒಂಟಿಕಾಲಲ್ಲಿ ನಿಂತೆ. ಮೆಲ್ಲೀಹಾ ಬೀಚ್ ಹತ್ತಿರ ಕೈ ಬೀಸುತ್ತಿದ್ದವರನ್ನು ಬಿಟ್ಟೇ ಹೋದರೂ, ಮುಂದಿನ ಏರು ರಸ್ತೆಯಲ್ಲಿ ಬಸ್ಸು ತೆವಳುತ್ತಿತ್ತು. ಏರ್‌ಪೋರ್ಟ್ ಮುಟ್ಟಿದಾಗ ಕೌಂಟರಿನಲ್ಲಿ ಯಾರೂ ಇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ಬದಲಾಯಿಸಿ ಅಂತೀನಿ. ಎರಡೇ ದಿನ ಇದ್ದರೆ ಗೋಜೋ, ಕೊಮಿನೋ ಎರಡನ್ನೂ ಬಿಟ್ಟುಬಿಡಿ. ಕೊಮಿನೋದ ಬ್ಲೂ ಲಗೂನ್ ನೀರು ಚೆನ್ನಾಗಿದೆ ನಿಜ, ಆದರೆ ಬೇಸಿಗೆಯಲ್ಲಿ ಅಲ್ಲಿ ನೀರಿಗಿಂತ ಜನವೇ ಜಾಸ್ತಿ. ರಾಜಧಾನಿ ವಲೆಟ್ಟಾದಲ್ಲೇ ಉಳಿಯಿರಿ. 1565ರಲ್ಲಿ ಆಟೊಮನ್ (ತುರ್ಕಿ) ಸೇನೆಯ ಮುತ್ತಿಗೆಯನ್ನು ತಡೆದ ಮೇಲೆ, ಸೇಂಟ್ ಜಾನ್ ನೈಟ್‌ಗಳು ಎಂಬ ಕ್ರೈಸ್ತ ಯೋಧರ ಪಂಗಡ ಕಟ್ಟಿಸಿದ ಊರು ಅದು. ಅಲ್ಲಿನ ಸೇಂಟ್ ಜಾನ್ ಕೋ-ಕೆಥೆಡ್ರಲ್ ಚರ್ಚಿಗೆ ಹೋಗಿ ಇಟಲಿಯ ಕಲಾವಿದ ಕರಾವಾಜಿಯೊ 1608ರಲ್ಲಿ ಬರೆದ ಚಿತ್ರದ ಮುಂದೆ ಸ್ವಲ್ಪ ಹೊತ್ತು ಕೂರಿ. ಭಾನುವಾರ ಬೆಳಿಗ್ಗೆ ಮೀನುಗಾರರ ಊರು ಮಾರ್ಸಶ್ಲೋಕ್‌ನ ಮೀನು ಸಂತೆ ನೋಡಿ, ದೋಣಿಗಳ ಮೂತಿಗೆ ಕಣ್ಣು ಬಿಡಿಸಿರುತ್ತಾರೆ. ಸಸ್ಯಾಹಾರಿ ಅಂದಿದ್ದೀರಿ. ಬಟಾಣಿ ಅಥವಾ ರಿಕೊಟಾ ಚೀಸ್ ತುಂಬಿದ ಪಾಸ್ತಿಟ್ಸಿ (ಪಫ್‌ನಂಥ ತಿಂಡಿ) ಎಲ್ಲೆಡೆ ಸಿಗುತ್ತೆ. ಒಳಗೆ ಏನೇನು ಹಾಕಿದ್ದಾರೆ ಅಂತ ಕೇಳಿಯೇ ತಗೊಳ್ಳಿ. ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆ, ಕೇಳೋದು ಕಷ್ಟವಲ್ಲ.

ನೆಲದಡಿಯ ಹೈಪೋಜಿಯಂ ಸಮಾಧಿಗಳನ್ನು ನೋಡುವ ಆಸೆ ಇದ್ದರೆ ವಿಮಾನಕ್ಕಿಂತ ಮೊದಲು ಅದರ ಟಿಕೆಟ್ ಬುಕ್ ಮಾಡಿ. ಗಂಟೆಗೆ ಹತ್ತು ಜನರನ್ನಷ್ಟೇ ಒಳಗೆ ಬಿಡುತ್ತಾರೆ, ವಾರಗಟ್ಟಲೆ ಮೊದಲೇ ಮುಗಿದುಹೋಗುತ್ತೆ.

ಕಾರು ಬೇಡ. ಬ್ರಿಟಿಷರು 1964ರವರೆಗೆ ಆಳಿದ್ದರಿಂದ ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸೋದು. ಆದರೆ ಪಾರ್ಕಿಂಗ್ ಹುಡುಕುವುದರಲ್ಲೇ ದಿನ ಕಳೆಯುತ್ತೆ.

ರಜೆ ಇನ್ನೂ ಎರಡು ಮೂರು ದಿನ ಎಳೆಯಲು ಆದರೆ ಗೋಜೋಗೆ ಖಂಡಿತ ಹೋಗಿ, ರಾತ್ರಿ ಅಲ್ಲೇ ಉಳಿಯಿರಿ. ಆದರೆ ಅದು ಮೊದಲ ದಿನಗಳಲ್ಲಿ ಮುಗಿಯಲಿ. ಕೊನೆಯ ರಾತ್ರಿ ಏರ್‌ಪೋರ್ಟ್ ಇರುವ ದ್ವೀಪದಲ್ಲೇ ಮಲಗಿ.