ಆ 100 ಡಾಲರ್‌ನಿಂದಲೇ ಶುರು ಮಾಡಿ

ನಮಸ್ಕಾರ,

ಅಮೆರಿಕದ ಫೋರ್ಸಿತ್ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮೊಕದ್ದಮೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಬಹಳ ಇಷ್ಟವಾಯಿತು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟ ತೆಗೆದುಬಿಡಿ. ವಾಕ್ ಸ್ವಾತಂತ್ರ್ಯ ಎಷ್ಟು ದೊಡ್ಡದು ಅಂತ ಎಲ್ಲರೂ ಬರೆಯುತ್ತಾರೆ. ನಿಮ್ಮ ಕೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇದೆ: 100 ಡಾಲರ್. 1989ರ ಜನವರಿಯಲ್ಲಿ ಜಾರ್ಜಿಯಾದ ಈ ಕೌಂಟಿಯ ಕೋರ್ಟ್ ಮೆಟ್ಟಿಲ ಮೇಲೆ ಸಭೆ ನಡೆಸಲು ಒಂದು ಗುಂಪು ಅನುಮತಿ ಕೇಳಿತು. ಅರ್ಜಿಗಾಗಿ ಅಧಿಕಾರಿಯ 10 ಗಂಟೆ ಹೋಯಿತು ಅಂತ ಕೌಂಟಿ 100 ಡಾಲರ್ ಕೇಳಿತು. ಗುಂಪು ದುಡ್ಡು ಕಟ್ಟಲಿಲ್ಲ, ದಾವೆ ಹೂಡಿತು. ನೀವು ಇದನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಲೇಖನ ಇಲ್ಲಿಂದಲೇ ಶುರುವಾಗಬೇಕು.

ಆ ಗುಂಪನ್ನು ಸುಮ್ನೆ 'ಒಂದು ಸಂಘಟನೆ' ಅಂದಿದ್ದೀರಿ. ಹೆಸರು ಹೇಳಿ: ನ್ಯಾಷನಲಿಸ್ಟ್ ಮೂವ್‌ಮೆಂಟ್. ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಸರ್ಕಾರಿ ರಜೆ ಬೇಡ ಅಂತ ಹೊರಟಿದ್ದವರು ಅವರು. ಓದುಗರಿಗೆ ಸಿಟ್ಟು ಬರಲಿ. ಇಂಥವರ ಪರವಾಗಿಯೂ 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಯಾಕೆ ನಿಂತಿತು ಅನ್ನೋ ಪ್ರಶ್ನೆ ಆಗಲೇ ಚುಚ್ಚುವುದು.

ಉತ್ತರ 1987ರಲ್ಲಿದೆ, ನೀವು ಅದನ್ನು ಮುಟ್ಟಿಯೇ ಇಲ್ಲ. ಆ ಜನವರಿಯಲ್ಲಿ ಇದೇ ಕೌಂಟಿಯಲ್ಲಿ ನಾಗರಿಕ ಹಕ್ಕುಗಳಿಗಾಗಿ ಸುಮಾರು 90 ಜನ ಮೆರವಣಿಗೆ ಹೊರಟರು. ವಿರೋಧಿಗಳು ಅವರ ಮೇಲೆ ಕಲ್ಲು, ಬಾಟಲಿ ತೂರಿದರು. ಮುಂದಿನ ವಾರ ಮತ್ತೆ ಮೆರವಣಿಗೆಗೆ ಸುಮಾರು 20,000 ಜನ ಬಂದರು. ಕಾವಲಿಗೆ 3,000ಕ್ಕೂ ಜಾಸ್ತಿ ಪೊಲೀಸರು ಮತ್ತು ನ್ಯಾಷನಲ್ ಗಾರ್ಡ್ ಸೈನಿಕರು. ಖರ್ಚು 6,70,000 ಡಾಲರ್ ದಾಟಿತು. ಅದಾದ ಮೇಲೆ ಅದೇ ವರ್ಷ ಕೌಂಟಿ ನಿಯಮ ತಂದಿತು: ಸಭೆ, ಮೆರವಣಿಗೆಗೆ ದಿನಕ್ಕೆ 1,000 ಡಾಲರ್‌ವರೆಗೆ ಶುಲ್ಕ, ಅರ್ಜಿ ಮತ್ತು ಭದ್ರತೆಯ ಖರ್ಚು ನೋಡಿ ಎಷ್ಟು ಅಂತ ಅಧಿಕಾರಿಯೇ ತೀರ್ಮಾನಿಸಬೇಕು. ಯೋಚನೆ ಮಾಡಿ, ಕಲ್ಲು ತೂರಿದವರಿಗಲ್ಲ, ಏಟು ತಿಂದವರಿಗೇ ಬಿಲ್ಲು! ನಿಮ್ಮ ಲೇಖನದ ಜೀವ ಇಲ್ಲಿದೆ.

ಇನ್ನೊಂದು ದೊಡ್ಡ ತಪ್ಪು. 'ಸಭೆಗೆ ಸರ್ಕಾರ ಶುಲ್ಕ ಹಾಕುವಂತಿಲ್ಲ' ಎಂದು ಸುಪ್ರೀಂ ಕೋರ್ಟ್ ಹೇಳಿತು ಅಂತ ಬರೆದಿದ್ದೀರಿ. ಹಾಗೆ ಹೇಳಲಿಲ್ಲ. 1941ರಲ್ಲೇ ನ್ಯೂ ಹ್ಯಾಂಪ್‌ಶೈರ್‌ನ ಒಂದು ಪ್ರಕರಣದಲ್ಲಿ, 300 ಡಾಲರ್‌ವರೆಗಿನ ಮೆರವಣಿಗೆ ಶುಲ್ಕವನ್ನು ಅದು ಒಪ್ಪಿತ್ತು. 1992ರ ತಕರಾರು ಬೇರೆ. ಇಲ್ಲಿ ಅಧಿಕಾರಿಗೆ ಯಾವ ಅಳತೆಗೋಲೂ ಇರಲಿಲ್ಲ. ಭದ್ರತೆಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಲು ಅವನು ಸಭೆಯಲ್ಲಿ ಏನು ಮಾತಾಡುತ್ತಾರೆ, ಅದಕ್ಕೆ ಎಷ್ಟು ಜನ ಕೆರಳುತ್ತಾರೆ ಅಂತ ನೋಡಲೇಬೇಕು. ಅಂದರೆ ಎದುರಾಳಿ ಹೆಚ್ಚು ಗಲಾಟೆ ಮಾಡಿದಷ್ಟೂ ಮಾತಿನ ಬೆಲೆ ಏರುತ್ತದೆ. ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಬರೆದ ತೀರ್ಪು ತಪ್ಪು ಅಂದದ್ದು ಇದನ್ನು.

ತೀರ್ಪು 5-4 ಎಂಬುದನ್ನೂ ಬಿಟ್ಟಿದ್ದೀರಿ. ಕೌಂಟಿ ಪೊಲೀಸ್ ಖರ್ಚು ಕೇಳಿದ್ದಕ್ಕೆ ಸಾಕ್ಷಿಯೇ ಇಲ್ಲ ಎಂದು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಭಿನ್ನಮತದಲ್ಲಿ ಬರೆದರು. ಇದು ಸಣ್ಣ ವಾದವಲ್ಲ. ಅದಕ್ಕೆ ಒಂದು ಪ್ಯಾರಾ ಕೊಡಿ, ನಿಮ್ಮ ಉತ್ತರವನ್ನೂ ಬರೆಯಿರಿ.

ತಿದ್ದಿ ಕಳಿಸಿ, ನಾನೇ ಓದುತ್ತೇನೆ. ಮುಂದಿನ ಸಂಚಿಕೆಯಲ್ಲಿ ಮೂರು ಪುಟ ಇಟ್ಟಿರುತ್ತೇನೆ.

— ಸಂಪಾದಕ