ಮಾವನ ಕೇಪಿನ ಬಂದೂಕು

ಪ್ರಶ್ನೆ: ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಅವರದೊಂದು ಒಂಟಿ ನಳಿಗೆಯ 12 ಬೋರ್ ಬಂದೂಕಿದೆ. ಬೆಳೆ ಕಾಯಲಿಕ್ಕೆಂದು ಬಹಳ ವರ್ಷದ ಹಿಂದೆ ಲೈಸೆನ್ಸ್ ಮಾಡಿಸಿದ್ದರು. ಮಣ್ಣು ಮಾಡಿ ಬಂದ ವಾರದಲ್ಲೇ ಠಾಣೆಗೆ ಒಪ್ಪಿಸಿ ರಸೀದಿ ತಗೊಂಡಿದ್ದೇವೆ. ಅಣ್ಣ ‘ನನ್ನ ಹೆಸರಿಗೆ ಮಾಡಿಸ್ಕೊಂತೀನಿ, ಹೊಲಕ್ಕೆ ಬರೋ ಹಂದಿ ಹೊಡಿಯಾಕ ಬೇಕು’ ಅಂತಾನೆ. ಅವ್ವ ‘ಅದು ಮತ್ತ ಮನೀಗೆ ಬ್ಯಾಡ’ ಅಂತಾಳೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವವನು, ಈತನಕ ಒಂದು ಈಡೂ ಹಾರಿಸಿದವನಲ್ಲ. ಆದರೂ ಅದನ್ನು ಮಾರಲು ಮನಸ್ಸು ಬಾರದು. ಏನು ಮಾಡಲಿ? ನಿಮಗೂ ಒಂದು ಕಾಲಕ್ಕೆ ಬಂದೂಕಿನ ಹುಚ್ಚಿತ್ತು ಅಂತ ಹಿಂದೊಮ್ಮೆ ಬರೆದಿದ್ದಿರಿ. ಆ ಕಥೆ ಏನು?
— ಲಿಂಗಸೂಗೂರು ತಾಲೂಕಿನ ಓದುಗರು

ಉತ್ತರ: ಲೈಸೆನ್ಸಿನ ಮಾತು ಹತ್ತು ಸಾಲಿಗೆ ಮುಗಿಯುತ್ತದೆ. ಹುಚ್ಚಿನ ಮಾತು ಅಷ್ಟಕ್ಕೆ ಮುಗಿಯುವುದಲ್ಲ, ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮವ್ವನ ತವರು ಸಿರುಗುಪ್ಪದ ಕಡೆ, ಹಗರಿ ಹೊಳೆಯಿಂದ ಎರಡು ಹರದಾರಿ ಒಳಗಿನ ಎರೆಸೀಮೆ. ಕಾಲುವೆ ನೀರು ಆಗಿನ್ನೂ ಆ ಊರು ಮುಟ್ಟಿರಲಿಲ್ಲ. ಜೋಳ, ಹತ್ತಿ, ಕುಸುಬೆ, ಕಡಲೆ, ಇಷ್ಟೇ ಬೆಳೆ. ಸೋದರಮಾವನ ಹತ್ತಿರ ಒಂದು ಕೇಪಿನ ಬಂದೂಕಿತ್ತು, ಅವನಪ್ಪನ ಕಾಲದ್ದು. ಬಳ್ಳಾರಿ ಮದ್ರಾಸಿಗೆ ಸೇರಿದ್ದಾಗ ಕೊಟ್ಟ ಲೈಸೆನ್ಸು. 1953ರಲ್ಲಿ ಜಿಲ್ಲೆ ಮೈಸೂರಿಗೆ ಬಂತು, ಹೊಸ ಪುಸ್ತಕವೂ ಬಂತು. ಮಾವ ಮಾತ್ರ ಹಳೇದನ್ನೂ ಹೊಸದನ್ನೂ ಒಂದೇ ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಮಾಡದಲ್ಲಿ ಇಡುತ್ತಿದ್ದ. ‘ಯಾವ ಸರಕಾರ ಬಂದು ಕೇಳಿದ್ರೂ ತೋರ್ಸಾಕ ಬೇಕಪ್ಪ’ ಅನ್ನುವುದು ಅವನ ಲೆಕ್ಕ.

1966ರ ಬ್ಯಾಸಿಗೆ. ನನಗೆ ಹದಿನಾಲ್ಕು. ಬಂದೂಕನ್ನು ನೆಲಕ್ಕೂರಿ ನಿಲ್ಲಿಸಿದರೆ ನಳಿಗೆಯ ಬಾಯಿ ನನ್ನ ಕಿವಿಗೆ ಬರುತ್ತಿತ್ತು. ಆ ರಜೆ ಪೂರ್ತಿ ಮಾವ ನನಗೆ ಒಂದೇ ಒಂದು ಈಡು ಕೊಡಲಿಲ್ಲ. ಖಾಲಿ ಬಂದೂಕು ಹೆಗಲಿಗೆ ಹಾಕಿಕೊಂಡು ಅವನ ಹಿಂದೆ ಬದುವಿನ ಮೇಲೆ ತಿರುಗುವುದು, ಬಂದಮೇಲೆ ಒರೆಸಿಡುವುದು, ಇಷ್ಟೇ ನನ್ನ ಕೆಲಸ. ನಡೆಯುವಾಗ ನಳಿಗೆ ಒಂದಿಷ್ಟು ಅತ್ತಿತ್ತ ತಿರುಗಿ ಅವನ ಬೆನ್ನಿಗೋ ಎತ್ತಿನ ಕಡೆಗೋ ಮುಖ ಮಾಡಿದರೆ ಬಾರುಕೋಲು ಬೀಳುತ್ತಿತ್ತು. ‘ಖಾಲಿ ಐತೆ ಮಾವ’ ಅಂದರೆ ಇನ್ನೊಂದು ಬೀಳುತ್ತಿತ್ತು.

ಈಗಿನ ಹುಡುಗರಿಗೆ ಕೇಪಿನ ಬಂದೂಕು ಅಂದರೆ ಏನಂತ ಗೊತ್ತಿಲ್ಲ. ತೋಟಾ ತುರುಕಿ ಮಡಚುವ ಬಂದೂಕಲ್ಲ ಅದು, ಎಲ್ಲವನ್ನೂ ನಳಿಗೆಯ ಬಾಯಿಂದಲೇ ತುಂಬಬೇಕು. ಕೇಪು ಅಂದರೆ ಬಡಿದರೆ ಕಿಡಿ ಕಾರಿ ಮದ್ದು ಹೊತ್ತಿಸುವ ಸಣ್ಣ ಟೊಪ್ಪಿಗೆ, ಅದನ್ನು ಬಡಿಯುವ ಸುತ್ತಿಗೆಗೆ ಕುದುರೆ ಅಂತಾರೆ. ಮೊದಲು ನಳಿಗೆಗೆ ಊದಿ, ಕೇಪು ಕೂಡಿಸುವ ತೂತಿನಿಂದ ಗಾಳಿ ಬರುತ್ತದಾ ಅಂತ ಬೆರಳಿಟ್ಟು ನೋಡಬೇಕು. ಬರದಿದ್ದರೆ ಸೂಜಿ ಹಾಕಿ ಮಸಿ ತೆಗೆಯಬೇಕು. ಆಮೇಲೆ ಎತ್ತಿನ ಕೊಂಬಿನ ಬುಡ್ಡಿಯಿಂದ ಮದ್ದು. ಮಾವನ ಅಳತೆ ಅಂದರೆ ಸಿಂಪಿಗರು ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆ ಟೊಪ್ಪಿಗೆ. ಅದರ ಮೇಲೆ ಗೋಣಿನಾರಿನ ಉಂಡೆ ಇಟ್ಟು ಗಜದಿಂದ, ಅಂದರೆ ಉದ್ದನೆ ಸಲಾಕೆಯಿಂದ, ಜಡಿಯಬೇಕು. ಮೆತ್ತಗೆ ಕೂತಿದ್ದರೆ ಗಜ ಸುಮ್ಮನೆ ನಿಲ್ಲುತ್ತದೆ, ಗಟ್ಟಿ ಕೂತರೆ ಠಣ್ ಅಂತ ಮೇಲಕ್ಕೆ ನೆಗೆಯುತ್ತದೆ. ಆ ಠಣ್ ಕೇಳಿದಮೇಲೇ ಚರೆ, ಅಂದರೆ ಸೀಸದ ಸಣ್ಣ ಗುಂಡು. ಹುಣಸೆ ಬೀಜ ಎಣಿಸಿದ ಹಾಗೆ ಚರೆಯನ್ನು ಮಾವ ಅಂಗೈಯಲ್ಲಿ ಎಣಿಸುತ್ತಿದ್ದ, ರೊಕ್ಕದ ಮಾತು ಅದು. ಮತ್ತೊಂದು ಹಗುರ ಉಂಡೆ. ಕೇಪು ಮಾತ್ರ ಕೊನೆಗೆ, ಹೊಡೆಯುವುದು ಕಣ್ಣಿಗೆ ಬಿದ್ದಮೇಲೆ. ಇಷ್ಟೆಲ್ಲ ಆಗುವುದರೊಳಗೆ ಮೊಲ ಆಂಧ್ರಕ್ಕೆ ಹೋಗಿರುತ್ತಿತ್ತು. ಅರ್ಧಕ್ಕರ್ಧ ಬೇಟೆ ಹಾಗೇ ಮುಗಿಯುತ್ತಿತ್ತು, ಅದರಲ್ಲೂ ಒಂದು ನಮೂನೆ ಖುಷಿ ಇತ್ತು.

ಒರೆಸುವ ಕೆಲಸದಲ್ಲಿ ನಾನು ಮಾಡಿದ ಘನಂದಾರಿ ಒಂದು ಹೇಳಬೇಕು. ಕರಿಮದ್ದಿನ ಮಸಿ ನೀರಿಗೆ ಕರಗುತ್ತದೆ. ಅದಕ್ಕೇ ಕುದಿಯುವ ನೀರು ಹುಯ್ದು ತೊಳೆದು, ಬಟ್ಟೆ ಸುತ್ತಿದ ಕಡ್ಡಿಯಿಂದ ಒಣಗಿಸಿ, ಎಣ್ಣೆ ಹಚ್ಚಬೇಕು. ಅವತ್ತು ಮಾವ ಸಂತೆಗೆ ಹೋಗಿದ್ದ. ಅತ್ತೆ ಅಡುಗೆಮನೆಯಲ್ಲಿ ಗಾಣದಿಂದ ತಂದ ಕುಸುಬೆ ಎಣ್ಣೆ ಇಟ್ಟಿದ್ದಳು. ಎಣ್ಣೆ ಅಂದಮೇಲೆ ಎಣ್ಣೆ ಅಂತ ನಾನು ನಳಿಗೆಗೆ, ಕುದುರೆಗೆ, ಕಟ್ಟಿಗೆಗೆ ಎಲ್ಲಕ್ಕೂ ಬಳಿದು ಫಳಫಳ ಮಾಡಿ ಗೂಟಕ್ಕೆ ತೂಗುಹಾಕಿದೆ. ಮಾವನೂ ನೋಡಿ ಮೆಚ್ಚಿದ. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು ಅಂತ ಯಾರಿಗೆ ಗೊತ್ತು? ಮೂರು ವಾರ ಬಿಟ್ಟು ಮಾವ ಕುದುರೆ ಎತ್ತಲು ಹೋದರೆ ಏಳುತ್ತಲೇ ಇಲ್ಲ! ಬೇವಿನ ಮರದ ಗೋಂದು ಮೆತ್ತಿದ ಹಾಗೆ ಕಚ್ಚಿಕೊಂಡಿದೆ. ಸೀಮೆಎಣ್ಣೆಯಲ್ಲಿ ಒಂದು ದಿನ ನೆನೆಹಾಕಿ ಬಿಡಿಸಿದೆವು. ಕಪಾಳಕ್ಕೆ ಬಿದ್ದದ್ದರ ಲೆಕ್ಕ ಬರೆಯುವುದಿಲ್ಲ. ಅವತ್ತಿನಿಂದ ಹೊಲಿಗೆ ಮಿಷನ್ನಿನ ಎಣ್ಣೆಯ ಸಣ್ಣ ಬುಡ್ಡಿ ಮನೆಗೆ ಬಂತು.

ನನ್ನ ಮೊದಲ ಈಡು ದಸರೆ ರಜೆಯಲ್ಲಿ. ಬದುವಿನ ಮೇಲೆ ಒಡಕು ಗಡಿಗೆ ಇಟ್ಟು ‘ಹೊಡಿ ಅಳಿಯಾ’ ಅಂದ. ಹೊಡೆದೆ. ಹೊಗೆ ಕರಗಿದಮೇಲೆ ನೋಡಿದರೆ ಗಡಿಗೆ ಕೂತಲ್ಲೇ ಕೂತಿತ್ತು, ನಾನು ಹತ್ತಿಗಿಡಗಳ ನಡುವೆ ಅಂಗಾತ ಬಿದ್ದಿದ್ದೆ. ದವಡೆ ಬಾತು ಎರಡು ದಿನ ರೊಟ್ಟಿ ಅಗಿಯಲಾಗದೆ ನುಚ್ಚು ಉಂಡೆ. ಮೊದಲ ಮೊಲ ಬಿದ್ದದ್ದು ಮರುವರ್ಷ ಯುಗಾದಿ ಕಳೆದಮೇಲೆ, ಮೂರು ಸೆಲ್ಲಿನ ಬ್ಯಾಟರಿಯ ಬೆಳಕಿನಲ್ಲಿ. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬಿತ್ತು, ಸಾರು ಮಾಡಿದರು, ಉಂಡೆವು.

ಹೇಳಬೇಕಾದ್ದು ಎರ್ಲಡ್ಡಿನ ಮಾತು. ಎರೆಭೂತ ಅಂತಲೂ ಅಂತಾರೆ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಒಂದು ಮೀಟರ್ ಎತ್ತರದ ಹಕ್ಕಿ, ಎರೆಹೊಲದಲ್ಲಿ ಮಿಡತೆ ಆರಿಸುತ್ತ ಗೌಡರ ಹಾಗೆ ತಲೆಯೆತ್ತಿ ನಡೆಯುತ್ತದೆ. ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. 1968ರಲ್ಲಿ ಮಾವ ಒಂದನ್ನು ಹೊಡೆದ. ಊರತನಕ ಹೊತ್ತು ತಂದವನು ನಾನು. ಕಾಲು ಹೆಗಲ ಮೇಲಿದ್ದರೆ ಕೊಕ್ಕು ನನ್ನ ಮೊಣಕಾಲ ಕೆಳಗೆ ಬಡಿಯುತ್ತಿತ್ತು. ಓಣಿಯ ಹನ್ನೊಂದು ಮನೆಗೆ ಹಂಚಿದೆವು. ‘ಅವತ್ತೇ ಮನಸ್ಸು ಚುರ್ ಅಂದಿತು’ ಅಂತ ಬರೆದರೆ ನೀವು ನನ್ನನ್ನು ಒಳ್ಳೆಯವನು ಅಂದುಕೊಳ್ಳುತ್ತೀರಿ, ಆದರೆ ಸುಳ್ಳು. ಅವತ್ತು ಹೆಮ್ಮೆಯೇ ಆಗಿತ್ತು. ಶಾಲೆಗೆ ಅದರ ರೆಕ್ಕೆಯ ಗರಿ ಒಯ್ದು ತೋರಿಸಿದ್ದೆ. ಈಗ ದೇಶದಲ್ಲೆಲ್ಲ ಸೇರಿ ಆ ಹಕ್ಕಿ ಉಳಿದಿರುವುದು 150ರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. ಸಿರುಗುಪ್ಪದ ಹೊಲದಲ್ಲಿ ಒಂದು ಕಾಣಿಸಿತು ಅಂದರೆ ಪೇಪರಿನಲ್ಲಿ ಫೋಟೊ ಬರುತ್ತದೆ. ಅದನ್ನು ನೋಡಿದಾಗಲೆಲ್ಲ ಮೊಣಕಾಲ ಕೆಳಗೆ ಆ ಕೊಕ್ಕು ಬಡಿದಂತಾಗುತ್ತದೆ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಮಾವ ಬಂದೂಕನ್ನು ಗೂಟಕ್ಕೆ ಹಾಕಿದ, ಬೆಳೆ ಕಾಯುವಾಗ ಹಕ್ಕಿ ಓಡಿಸಲು ಕವಣೆ ಹಿಡಿದ. ನಾನು ಕಂದಾಯ ಇಲಾಖೆ ಸೇರಿ, ಸುತ್ತಾಡಿ, ಡಿ.ಸಿ. ಆಫೀಸಿನಲ್ಲಿ ಶಸ್ತ್ರ ಲೈಸೆನ್ಸ್ ನೋಡುವ ಮೇಜಿಗೆ ಬಂದೆ. 1983ರಲ್ಲಿ ಮಾವ ತೀರಿಕೊಂಡ. ಮೂವರು ಮಕ್ಕಳು. ಹೊಲ ಹಂಚಿಕೊಂಡರು, ಎತ್ತು ಹಂಚಿಕೊಂಡರು, ಬಂದೂಕು ಯಾರಿಗೆ ಅನ್ನುವುದಕ್ಕೆ ಮಾತು ಬಿಟ್ಟರು. ಅದು ಒಂದು ಠಾಣೆಯ ಮೂಲೆಯಲ್ಲಿ ವರ್ಷಗಟ್ಟಲೆ ನಿಂತಿತು. ಯಾರೂ ಬಾರದೆ ಕೊನೆಗೆ ಕಡತ ನನ್ನ ಮೇಜಿಗೇ ಬಂತು. ಹೋಗಿ ನೋಡಿದೆ. ನಳಿಗೆಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಕುದುರೆ ಎತ್ತಿ ನೋಡಿದೆ, ಏಳಲಿಲ್ಲ. ಈ ಸಲ ಕುಸುಬೆ ಎಣ್ಣೆಯಲ್ಲ, ತುಕ್ಕು. ‘ವಾರಸುದಾರರು ಮುಂದೆ ಬಂದಿರುವುದಿಲ್ಲ, ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು’ ಅನ್ನುವ ಟಿಪ್ಪಣಿ ಬರೆದದ್ದು ನನ್ನ ಕೈಯೇ.

ಇನ್ನು ನಿಮ್ಮ ವಿಷಯ. ಠಾಣೆಗೆ ಒಪ್ಪಿಸಿ ರಸೀದಿ ತಗೊಂಡದ್ದು ಸರಿ, ಕಾನೂನು ಹೇಳುವುದೂ ಅದನ್ನೇ. ಎಂಟು ತಿಂಗಳು ಸುಮ್ಮನಿದ್ದದ್ದು ಮಾತ್ರ ಸರಿಯಲ್ಲ. 2016ರ ಶಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರರು ತೀರಿಕೊಂಡರೆ ವಾರಸುದಾರರು ಅದೇ ಬಂದೂಕಿಗೆ ತಮ್ಮ ಹೆಸರಲ್ಲಿ ಅರ್ಜಿ ಹಾಕಬಹುದು. (ಬದುಕಿದ್ದಾಗಲೂ ಆಗುತ್ತದೆ: ಲೈಸೆನ್ಸುದಾರರಿಗೆ 70 ತುಂಬಿದ್ದರೆ ಅಥವಾ ಬಂದೂಕು ಇಟ್ಟುಕೊಂಡು 25 ವರ್ಷವಾಗಿದ್ದರೆ. ಅಪ್ಪ ಇರುವ ಓದುಗರು ಇದನ್ನು ಗಮನಿಸಿ.) ಉಳಿದ ವಾರಸುದಾರರ ಒಪ್ಪಿಗೆ, ವೈದ್ಯರ ಪ್ರಮಾಣಪತ್ರ, ಪೊಲೀಸ್ ವರದಿ, ಆಮೇಲೆ ಜಿಲ್ಲಾಧಿಕಾರಿಗಳ ತೀರ್ಮಾನ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರ ಬದಲು ಐದು ವರ್ಷ. ಬೇಡ ಅನಿಸಿದರೆ ಲೈಸೆನ್ಸ್ ಇರುವ ಡೀಲರಿಗೆ ಮಾರಬಹುದು. ಹಾಗೇ ಬಿಟ್ಟರೆ ಮಾವನದಾದದ್ದೇ ಆಗುತ್ತದೆ.

ಅಣ್ಣನಿಗೆ ಒಂದು ಮಾತು ಬಿಡಿಸಿ ಹೇಳಿ. ‘ಬೆಳೆ ರಕ್ಷಣೆಗೆ’ ಅಂತ ಲೈಸೆನ್ಸಿನಲ್ಲಿ ಬರೆದಿದ್ದರೆ ಅದು ಬಂದೂಕು ಇಟ್ಟುಕೊಳ್ಳಲು ಅನುಮತಿಯೇ ಹೊರತು ಹಂದಿ ಹೊಡೆಯಲು ಅಲ್ಲ. ಹಂದಿ ಹೊಡೆಯಬೇಕೆಂದರೆ ಅರಣ್ಯ ಇಲಾಖೆಯ ಅಧಿಕಾರವುಳ್ಳ ಅಧಿಕಾರಿಯ ಲಿಖಿತ ಅಪ್ಪಣೆ ಬೇರೆಯೇ ಬೇಕು. ಚಿಗರಿ, ಅಂದರೆ ಕೃಷ್ಣಮೃಗ, ಬಂದು ಕಡಲೆ ಮೇಯ್ದರಂತೂ ಬಂದೂಕಿನ ಮಾತೇ ಎತ್ತುವಂತಿಲ್ಲ. ಅದು ಮೊದಲನೇ ಅನುಸೂಚಿಯ ಪ್ರಾಣಿ, ಬೆಳೆ ತಿಂತು ಅನ್ನುವ ಕಾರಣಕ್ಕೆ ಅದನ್ನು ಹೊಡೆಯಲು ಅಪ್ಪಣೆಯೂ ಸಿಗುವುದಿಲ್ಲ. ಹಾಳಾದ ಬೆಳೆಯ ಫೋಟೊ ತೆಗೆದು ಪರಿಹಾರಕ್ಕೆ ಅರ್ಜಿ ಹಾಕುವುದೇ ದಾರಿ. ಹಂದಿಗಾಗಿಯೇ ಬಂದೂಕು ಬೇಕು ಅನ್ನುವುದಾದರೆ ಅಣ್ಣ ಕೈಬಿಡುವುದು ಮೇಲು.

ಅವ್ವ ಯಾಕೆ ಬೇಡ ಅನ್ನುತ್ತಾಳೆ, ಕೂತು ಕೇಳಿದ್ದೀರಾ? ನಾನು ನಮ್ಮತ್ತೆಯನ್ನು ಕೇಳಿದ್ದು ಎಷ್ಟೋ ವರ್ಷದ ಮೇಲೆ. ಬಂದೂಕು ಠಾಣೆಗೆ ಹೋದ ರಾತ್ರಿ ತನಗೆ ಕಣ್ತುಂಬ ನಿದ್ದೆ ಬಂತಂತೆ. ‘ನಿಮ್ಮಾವ ರಾತ್ರಿ ಹೊರಗ ಹೋದ್ರ ಢಂ ಅನ್ನೋತನ ಎಚ್ಚರ ಇರ್ತಿದ್ದೆ, ಢಂ ಅಂದಮ್ಯಾಲ ಅವ ಬರೋತನ ಎಚ್ಚರ ಇರ್ತಿದ್ದೆ’ ಅಂದಳು. ಇಪ್ಪತ್ತೈದು ವರ್ಷ. ನನ್ನ ಬೇಟೆಯ ನೆನಪುಗಳಲ್ಲಿ ಅತ್ತೆ ಎಲ್ಲೂ ಇರಲಿಲ್ಲ, ಸಾರು ಮಾಡುವಾಗ ಬಿಟ್ಟು. ನಿಮ್ಮವ್ವನದು ಇಂಥದೇ ಕಾರಣವೋ ಬೇರೆಯದೋ ನಾನು ಹೇಗೆ ಹೇಳಲಿ? ಮನೆಯಲ್ಲಿ ಕುಡಿದು ಜಗಳವಾಡುವವರೋ, ಜೀವಕ್ಕೆ ಬೇಸತ್ತು ಕೂತವರೋ ಇದ್ದು ಅವ್ವ ಬೇಡ ಅನ್ನುತ್ತಿದ್ದರೆ ಅಲ್ಲಿಗೆ ಮಾತು ಮುಗಿಸಿ, ಡೀಲರಿಗೆ ಕೊಟ್ಟುಬಿಡಿ.

ಹಾಗೇನಿಲ್ಲ ಅಂದರೆ ನಿಮ್ಮ ಹೆಸರಿಗೇ ಅರ್ಜಿ ಹಾಕಿ, ಅಣ್ಣನ ಒಪ್ಪಿಗೆ ಬರೆಸಿಕೊಂಡು. ಆದರೆ ಪ್ರತಿ ಎಲೆಕ್ಷನ್ನಿಗೆ ಠಾಣೆಗೆ ಒಪ್ಪಿಸು ಅಂತ ಪತ್ರ ಬರುತ್ತದೆ, ಮುಗಿದಮೇಲೆ ಹೋಗಿ ಬಿಡಿಸಿಕೊಳ್ಳಬೇಕು, ನಡುನಡುವೆ ಬಿಚ್ಚಿ ಒರೆಸಬೇಕು. ಬೆಂಗಳೂರಿನಿಂದ ಇಷ್ಟಕ್ಕೆಲ್ಲ ಓಡಾಡುತ್ತೀರಾ? ಮಾರಲು ಮನಸ್ಸಿಲ್ಲ ಅಂತ ಬರೆದಿದ್ದೀರಿ, ಒರೆಸಲು ಮನಸ್ಸಿದೆಯಾ ಅಂತ ಬರೆದಿಲ್ಲ. ನನ್ನ ಹತ್ತಿರ ಮಾವನ ಕೊಂಬಿನ ಬುಡ್ಡಿಯೊಂದಿದೆ, ಅತ್ತೆ ಕೊಟ್ಟದ್ದು. ನನ್ನ ಹೆಂಡತಿ ಅದರಲ್ಲಿ ಊದಿನಕಡ್ಡಿ ಇಡುತ್ತಾಳೆ. ಅದಕ್ಕೆ ಲೈಸೆನ್ಸು ಬೇಡ, ಎಲೆಕ್ಷನ್ನಿನ ಕಾಟವೂ ಇಲ್ಲ.

ಪ್ರಶ್ನೆ: 12 ಬೋರ್ ಅಂದರೆ 12 ಏನು? ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ.
— ಗಂಗಾವತಿಯ ಓದುಗರು

ಉತ್ತರ: ಒಂದು ಪೌಂಡ್ ಸೀಸ, ಅಂದರೆ ಸುಮಾರು 454 ಗ್ರಾಂ. ಅದನ್ನು ಕರಗಿಸಿ ಸರಿಸಮನಾದ 12 ಗುಂಡು ಎರಕ ಹೊಯ್ದರೆ ಒಂದೊಂದು ಗುಂಡು ಎಷ್ಟು ದಪ್ಪವೋ ನಳಿಗೆ ಅಷ್ಟು ಅಗಲ, ಸುಮಾರು 18.5 ಮಿಲಿಮೀಟರ್. ಅದೇ ಪೌಂಡಿನಲ್ಲಿ 16 ಗುಂಡು ಮಾಡಿದರೆ ಗುಂಡು ಸಣ್ಣದಾಗುತ್ತದೆ. ಅದಕ್ಕೇ 16 ಬೋರ್ ಬಂದೂಕು 12ಕ್ಕಿಂತ ಕಿರಿದು. ಗುಂಡು ಎಣಿಸಿ ಇಟ್ಟ ಹೆಸರು ಅದು.

ಪ್ರಶ್ನೆ: ಪಿಯುಸಿ ಓದುವ ಮಗ ಏರ್‌ಗನ್ ಬೇಕು ಅಂತ ಹಟ ಹಿಡಿದಿದ್ದಾನೆ. ಲೈಸೆನ್ಸ್ ಬೇಕಾ? ಕೊಡಿಸಲಾ?
— ಕುಕನೂರಿನ ಓದುಗರು

ಉತ್ತರ: 0.177 ಇಂಚಿನ, ಅಂದರೆ 4.5 ಮಿಲಿಮೀಟರಿನ ನಳಿಗೆಯದಾಗಿ, ಕಸುವು 20 ಜೂಲ್ ಮೀರದಿದ್ದರೆ ಲೈಸೆನ್ಸ್ ಬೇಡ. ಹಾಗಂತ ಆಟದ ಸಾಮಾನಲ್ಲ, ಕಣ್ಣು ಹೋಗುತ್ತದೆ. ಗೌಜಲಹಕ್ಕಿ, ಬೆಳವ, ಮೊಲ ಯಾವುದನ್ನು ಹೊಡೆದರೂ ಕೇಸು. ಖಾಲಿ ಡಬ್ಬಿಗೆ ಗುರಿಯಿಟ್ಟು, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ಹೊಡೆಯುತ್ತಾನೆ ಅಂದರೆ ಕೊಡಿಸಿ. ಮೊದಲ ಎರಡು ತಿಂಗಳು ಚರೆಯ ಡಬ್ಬಿ ನಿಮ್ಮ ಟ್ರಂಕಿನಲ್ಲಿರಲಿ, ಖಾಲಿಯದನ್ನೇ ಹೊತ್ತು ತಿರುಗಲಿ. ನಳಿಗೆ ನಿಮ್ಮ ಕಡೆ ತಿರುಗಿದಾಗ ಬಾರುಕೋಲು ಬೇಡ, ಕಾಲ ಬದಲಾಗಿದೆ, ಅವತ್ತಿನ ಮಟ್ಟಿಗೆ ಕಸಿದಿಟ್ಟುಕೊಳ್ಳಿ. ಅಡುಗೆಮನೆಯ ಎಣ್ಣೆ ಮಾತ್ರ ಮುಟ್ಟಗೊಡಬೇಡಿ.