ಬಿಪಿಎಂ ಪಟ್ಟಿ ಬಿಡಿ, ಕುಣಿಯುವವರ ಕಾಲು ನೋಡಿ

ನಮಸ್ಕಾರ.

ಡ್ರಮ್ ಅಂಡ್ ಬೇಸ್, ಅಂದರೆ ವೇಗದ ಡ್ರಮ್ಸ್ ಮತ್ತು ಭಾರೀ ಬೇಸ್ (ತಗ್ಗಿನ ದನಿ) ಇರುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಕನ್ನಡದಲ್ಲಿ ಈ ಸಂಗೀತದ ಬಗ್ಗೆ ಬರೆಯುವವರು ಕಡಿಮೆ, ನಿಮ್ಮದು ಸರಿಯಾಗಿ ಬರಲಿ ಅನ್ನುವ ಆಸೆ ನನಗೆ ಜಾಸ್ತಿಯೇ ಇದೆ.

ಮೊದಲ ತೊಂದರೆ ಆ ಪಟ್ಟಿ. ಹೌಸ್‌ಗೆ ಇಷ್ಟು ಬಿಪಿಎಂ (ನಿಮಿಷಕ್ಕೆ ಎಷ್ಟು ಎಣಿಕೆ ಅನ್ನುವ ಲೆಕ್ಕ), ಟೆಕ್ನೋಗೆ ಇಷ್ಟು, ಡ್ರಮ್ ಅಂಡ್ ಬೇಸ್‌ಗೆ 160ರಿಂದ 180 ಅಂತ ಬರೆದು ಗೆರೆ ಎಳೆದುಬಿಟ್ಟಿದ್ದೀರಿ. ಅಂಕಿ ತಪ್ಪಲ್ಲ. ಈಗಿನ ಹೆಚ್ಚಿನ ಹಾಡುಗಳು 174ರ ಆಸುಪಾಸಿನಲ್ಲೇ ಇರುತ್ತವೆ. ಆದರೆ ಅದೇ ವೇಗದಲ್ಲಿ ಪ್ರತಿ ಎಣಿಕೆಗೂ ಒಂದೊಂದು ಕಿಕ್, ಅಂದರೆ ದಪ್ಪ ಡ್ರಮ್ಮಿನ ಪೆಟ್ಟು, ಇಟ್ಟರೆ ಅದು ಹಾರ್ಡ್‌ಕೋರ್ ಅನ್ನುವ ಬೇರೆ ಪ್ರಕಾರದ ಕಡೆ ಹೋಗುತ್ತದೆ, ಯಾರೂ ಡ್ರಮ್ ಅಂಡ್ ಬೇಸ್ ಅನ್ನುವುದಿಲ್ಲ. ಮೇಜಿನ ಮೇಲೆ ಬೆರಳು ತಟ್ಟುತ್ತಾ ಒಂದರಿಂದ ನಾಲ್ಕು ಎಣಿಸಿ. ಸ್ನೇರ್, ಅಂದರೆ ಚಟ್ ಅನ್ನುವ ಡ್ರಮ್, ಎರಡಕ್ಕೆ ಮತ್ತು ನಾಲ್ಕಕ್ಕೆ ಬೀಳುತ್ತದೆ. ಕಿಕ್ ಒಂದಕ್ಕೆ ಬೀಳುತ್ತದೆ, ಇನ್ನೊಂದು ಮೂರಕ್ಕೆ ಬರದೆ ಅರ್ಧ ಎಣಿಕೆ ತಡವಾಗಿ ಬರುತ್ತದೆ. ಆ ತಡವನ್ನು ಬರೆಯಿರಿ. ಅಣ್ಣಮ್ಮನ ಉತ್ಸವದಲ್ಲಿ ತಮಟೆಯವರು ವೇಗ ಬದಲಿಸದೆ ಪೆಟ್ಟು ಮಾತ್ರ ಬದಲಿಸಿದರೂ ಕುಣಿತ ಬೇರೆಯಾಗುತ್ತದೆ, ಅಲ್ವಾ?

ಡ್ರಮ್ ಅಂಡ್ ಬೇಸ್‌ಗೆ ಮೂಲವಾದ ಜಂಗಲ್ ಸಂಗೀತದ ಬಗ್ಗೆ 'ಪೂರ್ತಿ ಯಂತ್ರದ ತಾಳ' ಅಂದಿದ್ದೀರಿ. ಇದನ್ನು ತೆಗೆಯಲೇಬೇಕು. ಆ ತಾಳದ ಬಹುಪಾಲು ಬಂದಿದ್ದು ಮನುಷ್ಯರ ಕೈಯಿಂದ. ಅಮೆರಿಕದ ದ ವಿನ್‌ಸ್ಟನ್ಸ್ ತಂಡ 1969ರಲ್ಲಿ ಮಾಡಿದ 'ಅಮೆನ್, ಬ್ರದರ್' ಹಾಡಿನ ನಡುವೆ ಉಳಿದ ವಾದ್ಯಗಳು ನಿಂತು, ಗ್ರೆಗರಿ ಕೋಲ್ಮನ್ ಒಬ್ಬರೇ ಏಳು ಸೆಕೆಂಡಿನಷ್ಟು ಡ್ರಮ್ಸ್ ಬಾರಿಸುತ್ತಾರೆ. 90ರ ದಶಕದ ಶುರುವಿನಲ್ಲಿ ಲಂಡನ್ನಿನ ಹುಡುಗರು ಅದನ್ನು ಸ್ಯಾಂಪ್ಲರ್‌ಗೆ (ದನಿಯ ತುಣುಕು ಹಿಡಿದಿಟ್ಟು ನುಡಿಸುವ ಯಂತ್ರಕ್ಕೆ) ಹಾಕಿ, ವೇಗ ಏರಿಸಿ, ತುಂಡು ತುಂಡು ಮಾಡಿ ಮರುಜೋಡಿಸಿದರು. ವೇಗ ಏರಿದಾಗ ಸ್ವರವೂ ಏರುತ್ತದೆ, ಅದಕ್ಕೇ ಆ ಸ್ನೇರ್ ಅಷ್ಟು ಚುರುಕಾಗಿ ಕೇಳಿಸುವುದು. ಕೋಲ್ಮನ್‌ಗೆ ಇದರಿಂದ ರಾಯಲ್ಟಿ ಅಂತ ಒಂದು ಕಾಸೂ ಬರಲಿಲ್ಲ. 2006ರಲ್ಲಿ ತೀರಿಕೊಂಡಾಗ ಅವರಿಗೆ ಮನೆಯೂ ಇರಲಿಲ್ಲ. ಈ ಸಂಗೀತವನ್ನು ಪ್ರೀತಿಸುವವರು ಆ ಹೆಸರನ್ನು ಬರೆಯದೆ ಮುಂದೆ ಹೋಗಬಾರದು.

ಜಮೈಕಾ ಎಂಬ ಹೆಸರೂ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಬೇಸ್ ಎಲ್ಲಿಂದ ಬಂತು ಹಾಗಾದರೆ? ಲಂಡನ್ನಿಗೆ ಹೋಗಿ ನೆಲೆಸಿದ ಜಮೈಕಾದವರ ಸೌಂಡ್ ಸಿಸ್ಟಮ್ (ದೊಡ್ಡ ಸ್ಪೀಕರ್ ಜೋಡಿಸಿ ನಡೆಸುವ ಕುಣಿತದ ಕೂಟ), ರೆಗ್ಗೇ, ರೆಗ್ಗೇಯಿಂದ ಬಂದ ಡಬ್ ಇಲ್ಲದೆ ಜಂಗಲ್ ಇಲ್ಲ. ಜಂಗಲ್ 1995ಕ್ಕೆ ಮುಗಿದು ಡ್ರಮ್ ಅಂಡ್ ಬೇಸ್ ಶುರುವಾಯಿತು ಅಂತ ಗೋಡೆ ಕಟ್ಟಿದ್ದೀರಿ. ಗಡಿ ಹಾಗೆ ಒಂದು ವರ್ಷಕ್ಕೆ ಬೀಳುವುದಿಲ್ಲ. ತುಂಡರಿಸಿದ ತಾಳ ನಿಧಾನಕ್ಕೆ ಸರಳವಾಗುತ್ತಾ, ರಾಗ್ಗಾ ದನಿ (ಜಮೈಕಾ ಶೈಲಿಯ ಮಾತು-ಹಾಡು) ಕಡಿಮೆಯಾಗುತ್ತಾ ಬಂತು, ಎರಡೂ ಹೆಸರು ಜೊತೆಗೇ ಓಡಾಡಿದವು.

ಡಬ್‌ಸ್ಟೆಪ್ ಅನ್ನುವ ಪ್ರಕಾರವನ್ನು ಡ್ರಮ್ ಅಂಡ್ ಬೇಸ್‌ನ ನಿಧಾನದ ರೂಪ ಅಂದಿದ್ದು ತಪ್ಪು. ಅದು ಗ್ಯಾರಾಜ್ ಅನ್ನುವ ಇನ್ನೊಂದು ಕುಣಿತದ ಸಂಗೀತದಿಂದ ಬಂದಿದ್ದು, 2000ದ ಆಸುಪಾಸಿನಲ್ಲಿ, ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಸುತ್ತಮುತ್ತ. ವೇಗ 140, ಸ್ನೇರ್ ಮೂರನೆಯ ಎಣಿಕೆಗೆ. ಇನ್ನು ಡ್ರಮ್ ಅಂಡ್ ಬೇಸ್‌ನಲ್ಲಿ ಲಿಕ್ವಿಡ್, ನ್ಯೂರೋಫಂಕ್, ಜಂಪ್-ಅಪ್ ಈ ಮೂರು ಒಳಪ್ರಕಾರ ಇಟ್ಟುಕೊಳ್ಳಿ, ಉಳಿದವು ಸುಮ್ನೆ ಜಾಗ ತಿನ್ನುತ್ತಿವೆ.

ಈಗ ಒಳ್ಳೆಯ ಮಾತು. ಕೋರಮಂಗಲದ ಪಬ್ಬಿನಲ್ಲಿ ಡಿಜೆ ಈ ಸಂಗೀತ ಹಾಕಿದ ತಕ್ಷಣ ಅರ್ಧ ಜನ ಓಡಿದ ಹಾಗೆ ಕಾಲು ಹಾಕಿದರು, ಇನ್ನರ್ಧ ನಿಧಾನಕ್ಕೆ ತೂಗಾಡಿದರು ಅಂತ ಕೊನೆಯಲ್ಲಿ ಎರಡು ಸಾಲು ಬರೆದಿದ್ದೀರಲ್ಲ, ಅದೇ ನಿಮ್ಮ ಲೇಖನ. 174ನ್ನು 87 ಅಂತಲೂ ಮೈ ಹಿಡಿಯುತ್ತದೆ. ಡ್ರಮ್ಸ್ ಓಡುತ್ತದೆ, ಬೇಸ್ ಅದರ ಅರ್ಧ ವೇಗದಲ್ಲಿ ನಡೆಯುತ್ತದೆ, ಎರಡರಲ್ಲಿ ಯಾವುದಕ್ಕೆ ಬೇಕಾದರೂ ಹೆಜ್ಜೆ ಹಾಕಬಹುದು. ನೀವು ಕಣ್ಣಾರೆ ಕಂಡಿದ್ದನ್ನು ಹಾಗೆ ಕೊನೆಗೆ ತಳ್ಳಬೇಡಿ, ಅಲ್ಲಿಂದಲೇ ಶುರು ಮಾಡಿ. ಮತ್ತೆ ಕೇಳುವಾಗ ಫೋನ್ ಸ್ಪೀಕರ್ ಬೇಡ, ಅದರಲ್ಲಿ ತೀರಾ ತಗ್ಗಿನ ಸಬ್ ಬೇಸ್ ಬರುವುದೇ ಇಲ್ಲ.

ಕೊನೆಯದಾಗಿ ಲಂಡನ್ನಿನ ತಬಲಾ ವಾದಕ ಟಾಲ್ವಿನ್ ಸಿಂಗ್. ತಬಲಾ ಇದೆ, ಹಾಗಾಗಿ ಅದು ಫ್ಯೂಷನ್ ಅಂತ ಒಂದೇ ಸಾಲಿನಲ್ಲಿ ಹೊರಗಿಟ್ಟಿದ್ದೀರಿ. ನಾನು ಒಪ್ಪುವುದಿಲ್ಲ. ಅವರಿಗೆ 1999ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ತಂದುಕೊಟ್ಟ ಆಲ್ಬಮ್ ಹಾಕಿ, ಕಿಕ್ ಮತ್ತು ಸ್ನೇರ್ ಎಲ್ಲಿ ಬೀಳುತ್ತವೆ, ಬೇಸ್ ಏನು ಮಾಡುತ್ತಿದೆ ಅಂತ ಒಂದೊಂದು ಹಾಡಿಗೂ ಗುರುತು ಹಾಕಿಕೊಳ್ಳಿ. ಆಮೇಲೂ ಹೊರಗೇ ಇಡಬೇಕು ಅನ್ನಿಸಿದರೆ ಕಾರಣ ಬರೆದು ಕಳಿಸಿ, ಹಾಕುತ್ತೇನೆ.